ಯಾರು ಮಾಡಿದ್ದು, ಯಾವುದರಿಂದ ಆದದ್ದು

 

ನಮ್ಮ ಬಳಗದಲ್ಲಿ ಪ್ರತೀತ್ಯಸಮುತ್ಪಾದ ಓದಲು ಶುರುಮಾಡಿ ಮೂರು ವಾರವಾಯಿತು. "ಹನ್ನೆರಡು ಕೊಂಡಿಗಳ ಹೆಸರು ಬಾಯಿಪಾಠ ಆಯ್ತು ಅಕ್ಕೋರೆ, ಆದ್ರೆ ಇದನ್ನ ದಿನದ ಬದುಕಲ್ಲಿ ಎಲ್ಲಿ ಬಳಸೋದು?" ಎಂದು ಸಿದ್ದಾಪುರದ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅವಿದ್ಯೆಯಿಂದ ಜರಾಮರಣದವರೆಗಿನ ಸರಪಳಿಯನ್ನು ಇವತ್ತು ಬದಿಗಿಟ್ಟು, ನಮ್ಮ ಶಾಲೆಯ ಒಂದು ಲ್ಯಾಪ್‌ಟಾಪಿನ ವೈಫೈ ಬಗ್ಗೆ ಬರೆಯುತ್ತೇನೆ. ಕಂಪ್ಯೂಟರ್ ಪಾಠ ಎಂದುಕೊಂಡು ಮುಂದೆ ಸರಿಸಬೇಡಿ. ಇದರಲ್ಲಿ ಒಬ್ಬ ಹುಡುಗ ಇದ್ದಾನೆ.

ಲ್ಯಾಪ್‌ಟಾಪ್ ಹಳೆಯದು, ದಾನಿಯೊಬ್ಬರು ಕೊಟ್ಟದ್ದು. ವಿಂಡೋಸ್ ಭಾರವಾಗುತ್ತದೆಂದು ಉಬುಂಟು ಹಾಕಿಸಿದ್ದೆವು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಅದರಲ್ಲೇ. ಒಂದು ಸೋಮವಾರದಿಂದ ಅದರ ವೈಫೈ ಹೋಗಿ ಬಂದು ಮಾಡತೊಡಗಿತು. ಅರ್ಜಿ ಅರ್ಧ ತುಂಬಿ, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹುಡುಕಿ ತಲೆ ಎತ್ತುವಷ್ಟರಲ್ಲಿ ಸಂಪರ್ಕ ಕಡಿದಿರುತ್ತಿತ್ತು. ಮತ್ತೆ ಮೊದಲಿನಿಂದ. ಕೊನೆಯ ದಿನಾಂಕ ಹತ್ತಿರವಾಗುತ್ತಿತ್ತು.

ನಮ್ಮ ಕಡೆ ಇಂಥದ್ದಕ್ಕೆ ಉತ್ತರ ಮೊದಲೇ ಸಿದ್ಧವಿರುತ್ತದೆ: ಕರೆಂಟು ಹೋಗಿದೆ, ಟವರ್ ಕೈಕೊಟ್ಟಿದೆ, ಗುಡ್ಡ ಅಡ್ಡ ಬಂದಿದೆ. ಕೊರೊನಾ ಕಾಲದಲ್ಲಿ ಪಾಠ ಕೇಳಲು ಮಕ್ಕಳು ಗುಡ್ಡ ಹತ್ತಿದ ಸೀಮೆ ನಮ್ಮದು. ಆದರೆ ಈ ಸಲ ಸ್ಟಾಫ್ ರೂಮಿನಲ್ಲಿ ಬೇರೆಯೇ ಉತ್ತರ ಸಿಕ್ಕಿತ್ತು. ಹಿಂದಿನ ಶನಿವಾರ ಒಂಬತ್ತನೇ ತರಗತಿಯ ಹುಡುಗನೊಬ್ಬ ಆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. "ಅವನೇ ಏನೋ ಒತ್ತಿ ಹಾಳುಮಾಡಿದ್ದು. ಇನ್ನು ಅವ ಅದನ್ನ ಮುಟ್ಟೋದು ಬೇಡ."

ಹೇಳಿದವರು ಕೆಟ್ಟವರಲ್ಲ, ಅರ್ಜಿಗಳ ಚಿಂತೆ ಅವರಿಗೂ ಇತ್ತು. ಆದರೆ 'ಮುಟ್ಟಬೇಡ' ಎಂಬ ಮಾತು ಎಷ್ಟು ಭಾರ ಎಂದು ನಮ್ಮ ಬಳಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಇದಾಯಿತು, ಆಮೇಲೆ ಅದಾಯಿತು, ಹಾಗಾಗಿ ಅದಕ್ಕೆ ಇದೇ ಕಾರಣ. ಮನಸ್ಸು ಸುಲಭವಾಗಿ ಹಿಡಿಯುವ ದಾರಿ ಇದು. ಧಮ್ಮ ಕಾರಣವನ್ನು ನೋಡುವ ರೀತಿ ಹೀಗಲ್ಲ. ಅನುಲೋಮವಾಗಿಯೂ ಪ್ರತಿಲೋಮವಾಗಿಯೂ ನೋಡಬೇಕು: ಈ ಪ್ರತ್ಯಯ ಇರುವಾಗ ಫಲ ಇದೆಯೇ, ಇದನ್ನು ತೆಗೆದರೆ ಫಲ ನಿಲ್ಲುತ್ತದೆಯೇ. ಎರಡನೆಯದನ್ನು ನೋಡುವ ತಾಳ್ಮೆ ನಮಗೆ ಸಾಮಾನ್ಯವಾಗಿ ಇರುವುದಿಲ್ಲ.

ಆ ಮಧ್ಯಾಹ್ನ ಲ್ಯಾಪ್‌ಟಾಪ್ ಪಕ್ಕದಲ್ಲಿ ಅದೇ ವೈಫೈಗೆ ಸೇರಿದ ಫೋನ್ ಇಟ್ಟುಕೊಂಡು ಕೂತೆ. ಲ್ಯಾಪ್‌ಟಾಪ್ ಸಂಪರ್ಕ ಕಳೆದುಕೊಂಡಾಗಲೂ ಫೋನಿನಲ್ಲಿ ನೆಟ್ ಓಡುತ್ತಿತ್ತು. ಅಂದರೆ ಟವರೂ ಅಲ್ಲ, ಗುಡ್ಡವೂ ಅಲ್ಲ, ರೂಟರೂ ಅಲ್ಲ. ವಿಡಿಯೋ ಹಾಕಿಟ್ಟೆ, ಅರ್ಧ ಗಂಟೆ ಕಡಿಯಲಿಲ್ಲ. ಏನೂ ಮಾಡದೆ ಸುಮ್ಮನೆ ಬಿಟ್ಟೆ, ಐದಾರು ನಿಮಿಷದಲ್ಲಿ ಹೋಯಿತು. ಆರ್‌ಡಿ ನಂಬರ್ ಹುಡುಕುವಾಗಲೇ ಯಾಕೆ ಹೋಗುತ್ತಿತ್ತೆಂದು ಆಗ ಹೊಳೆಯಿತು. ಯಂತ್ರ ಸುಮ್ಮನಿದ್ದಾಗ ವೈಫೈ ಕಾರ್ಡು ಬ್ಯಾಟರಿ ಉಳಿಸಲು ನಿದ್ದೆಗೆ ಜಾರುತ್ತದೆ, ಕೆಲಸ ಬಂದಾಗ ಏಳಬೇಕು. ಇದು ಏಳುತ್ತಿರಲಿಲ್ಲ.

ಉಬುಂಟು ತನ್ನಷ್ಟಕ್ಕೆ ಮಾಡಿಕೊಂಡ ಅಪ್‌ಡೇಟುಗಳ ದಿನಚರಿ ಬರೆದಿಡುತ್ತದೆ. ತೆಗೆದು ನೋಡಿದೆ. ಹೊಸ ಕರ್ನೆಲ್ ಇಳಿದದ್ದು ಶುಕ್ರವಾರ, ಹುಡುಗ ಕೂರುವ ಮುಂಚಿನ ದಿನ. ಕರ್ನೆಲ್ ಎಂದರೆ ಯಂತ್ರದ ಬೇರು ತಂತ್ರಾಂಶ. ಕಾರ್ಡಿಗೂ ಉಳಿದ ಯಂತ್ರಕ್ಕೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ಡ್ರೈವರ್ ಅದರ ಜೊತೆಗೇ ಬರುತ್ತದೆ. ಲ್ಯಾಪ್‌ಟಾಪ್ ಶುರುವಾಗುವಾಗ ಹಳೆಯ ಕರ್ನೆಲ್ ಆಯ್ದುಕೊಂಡೆ. ವಿದ್ಯುತ್ ಉಳಿತಾಯ ಚಾಲೂ ಇದ್ದರೂ ಒಂದು ಸಲವೂ ಕಡಿಯಲಿಲ್ಲ. ಮತ್ತೆ ಹೊಸದಕ್ಕೆ ಬಂದು, ನೆಟ್‌ವರ್ಕ್‌ಮ್ಯಾನೇಜರ್ ಕಡತದ ವೈಫೈ ಪವರ್‌ಸೇವ್ ಸಾಲಿನಲ್ಲಿ 3 ಇದ್ದದ್ದನ್ನು 2 ಮಾಡಿ ರೀಸ್ಟಾರ್ಟ್ ಮಾಡಿದೆ. 3 ಎಂದರೆ ಉಳಿತಾಯ ಚಾಲೂ, 2 ಎಂದರೆ ಬಂದ್. ಆಗಲೂ ಕಡಿಯಲಿಲ್ಲ. (ವಿಂಡೋಸ್ ಇರುವವರು ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು, ಪವರ್ ಮ್ಯಾನೇಜ್‌ಮೆಂಟ್ ಪುಟವಿದ್ದರೆ ಅಲ್ಲಿನ ಟಿಕ್ ತೆಗೆದು ನೋಡಬಹುದು.)

ಈಗ ಹೇಳಿ, ಅಪರಾಧಿ ಯಾರು? ಹಳೆಯ ಡ್ರೈವರಿನ ಜೊತೆ ಉಳಿತಾಯ ನಿರಪಾಯ. ಉಳಿತಾಯ ಇಲ್ಲದಿದ್ದರೆ ಹೊಸ ಡ್ರೈವರ್ ನಿರಪಾಯ. ಎರಡೂ ಕೂಡಿದಾಗ, ಅದರ ಮೇಲೆ ಯಂತ್ರ ಸುಮ್ಮನಿದ್ದಾಗ, ಸಂಪರ್ಕ ಕಡಿಯುತ್ತದೆ. ಪ್ರತ್ಯಯ ಎಂಬ ಮಾತಿಗೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಒಂದನ್ನೇ ಹಿಡಿದು ಇದೇ ಕಾರಣ ಎನ್ನಲು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ವಿನಯಪಿಟಕದಲ್ಲಿ ದಬ್ಬ ಮಲ್ಲಪುತ್ತರ ಪ್ರಸಂಗ ಬರುತ್ತದೆ. ರಾಜಗೃಹದ ವೇಣುವನದಲ್ಲಿ ಭಿಕ್ಖುಗಳಿಗೆ ವಸತಿ ಗೊತ್ತುಮಾಡುವುದು, ಯಾರು ಯಾವ ಮನೆಗೆ ಊಟಕ್ಕೆ ಹೋಗಬೇಕೆಂದು ಹಂಚುವುದು ಅವರ ಕೆಲಸ. ಒಂದು ದಿನ ಮೆತ್ತಿಯ, ಭುಮ್ಮಜಕ ಎಂಬಿಬ್ಬರಿಗೆ ಒಳ್ಳೆಯ ಊಟ ಹಾಕುವ ಗೃಹಸ್ಥನ ಮನೆಯ ಸರದಿ ಬಂತು. ಬರುವವರು ಇವರೇ ಎಂದು ತಿಳಿದ ಗೃಹಸ್ಥ, ನುಚ್ಚಿನ ಅನ್ನವನ್ನೂ ಹುಳಿಗಂಜಿಯನ್ನೂ ಬಡಿಸಲು ದಾಸಿಗೆ ಹೇಳಿಬಿಟ್ಟ. ಹೊಟ್ಟೆ ಉರಿಸಿಕೊಂಡ ಇಬ್ಬರೂ ದಬ್ಬರೇ ಹಾಗೆ ಮಾಡಿಸಿದರು ಎಂದು ತೀರ್ಮಾನಿಸಿದರು. ಕಾರಣವನ್ನು ತಪ್ಪಾಗಿ ಹಿಡಿದದ್ದು ಅಲ್ಲಿಗೆ ನಿಲ್ಲಲಿಲ್ಲ, ಭಿಕ್ಖುಣಿಯೊಬ್ಬಳಿಂದ ಅವರ ಮೇಲೆ ಹೀನ ಆರೋಪ ಹೊರಿಸುವವರೆಗೆ ಬೆಳೆಯಿತು. ಆಗ ಬುದ್ಧ ಮಾಡಿದ್ದನ್ನು ಗಮನಿಸಿ. ಸಂಘವನ್ನು ಸೇರಿಸಿ, ದಬ್ಬರನ್ನೇ ಕೇಳಿದ.

ನಮ್ಮ ಶಾಲೆಯಲ್ಲಿ ಹುಡುಗನನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. "ಅಕ್ಕೋರೆ, ನಾ ಕನ್ನಡದಲ್ಲಿ ಅಪ್ಪನ ಹೆಸ್ರು, ಅವ್ವನ ಹೆಸ್ರು ಟೈಪ್ ಮಾಡಿದ್ದೆ, ಅಷ್ಟೇಯ." ಆ ಕಡತ ಅಲ್ಲೇ ಇತ್ತು, ಶನಿವಾರದ ಸಮಯದೊಂದಿಗೆ. ಒತ್ತಕ್ಷರ ತಪ್ಪಿಲ್ಲ.

ಇನ್ನೊಂದು ಮಾತು ಇಲ್ಲೇ ಸೇರಿಸುತ್ತೇನೆ. ಸಂಪರ್ಕ ಕಡಿದಾಗ ಯಾರು ಮಾಡಿದ್ದೆಂದು ಹುಡುಕುತ್ತೇವೆ, ಸರಿಯಿದ್ದಾಗ ಯಾರಿಂದ ಎಂದು ಕೇಳುವುದಿಲ್ಲ. ಉಬುಂಟುವಿಗೆ ಆಧಾರವಾದ ಲಿನಕ್ಸ್‌ನ ವೈಫೈ ಡ್ರೈವರುಗಳ ಹಿಂದೆ ಅಮೆರಿಕದ ಲ್ಯಾರಿ ಫಿಂಗರ್ ಎಂಬವರ ದುಡಿಮೆ ಇದೆ. ವೃತ್ತಿಯಿಂದ ಅವರು ಖನಿಜಗಳ ಹರಳಿನ ರಚನೆ ಅಧ್ಯಯನ ಮಾಡಿದ ವಿಜ್ಞಾನಿ. ನಿವೃತ್ತಿಯ ನಂತರ ಸ್ವಯಂಸೇವಕರಾಗಿ ಈ ಕೆಲಸ ಹಿಡಿದು, 2024ರ ಜೂನ್‌ನಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು ಎರಡು ದಶಕ ನಡೆಸಿದ್ದರು. ಮುಖವನ್ನೇ ನೋಡದ ಜನರ ವೈಫೈ ತೊಂದರೆ ಓದಿ ಉತ್ತರಿಸುವುದು, ಡ್ರೈವರ್ ತಿದ್ದುವುದು. ದಾನಪಾರಮಿಯ ಬಗ್ಗೆ ಓದುವಾಗ ನಾವು ರಾಜಕುಮಾರರನ್ನೇ ನೆನೆಯುತ್ತೇವೆ. ಇಂಥವರನ್ನೂ ನೆನೆಯಬಹುದು.

ಅರ್ಜಿಗಳೆಲ್ಲ ಹೋದವು. ಸ್ಟಾಫ್ ರೂಮಿನಲ್ಲಿ ಅಪ್‌ಡೇಟಿನ ತಾರೀಖು ತೋರಿಸಿದಾಗ "ಹೌದಾ, ಹೋಗ್ಲಿ ಬಿಡಿ" ಎಂದರು. ಹೋಗಲಿ ಬಿಡಿ ಎಂದು ನಾನು ಬಿಡಲಿಲ್ಲ, ಹುಡುಗನಿಗೆ ನೀವೇ ಹೇಳಿ ಎಂದೆ. ಸ್ವಲ್ಪ ಬಿಗುವಾಯಿತು, ಆದರೂ ಎರಡು ದಿನ ಬಿಟ್ಟು ಹೇಳಿದರು. ಮುಂದಿನ ಶನಿವಾರ ಅವನು ಬಂದ. ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತು, "ಅಕ್ಕೋರೆ, ಮುಟ್ಲಕ್ಕಾ?" ಎಂದು ಕೇಳಿದ. ಈಗ ಪ್ರತಿ ಶನಿವಾರವೂ ಕೇಳಿಯೇ ಮುಟ್ಟುತ್ತಾನೆ.

ಈ ಭಾನುವಾರ ದಬ್ಬರ ಪ್ರಸಂಗವನ್ನೇ ಪೂರ್ತಿ ಓದೋಣ. ಯಲ್ಲಾಪುರದಿಂದ ಬರುವವರು ಬಸ್ಸಿನ ಹೊತ್ತು ನೋಡಿಕೊಂಡು ಬನ್ನಿ, ನೀವು ಬಂದ ಮೇಲೆಯೇ ಶುರುಮಾಡುತ್ತೇವೆ.