ಓಟ ನಿಂತ ಮೇಲೆ

ನಾನು ಕುಂದಾಪುರದ ಹಾಲಾಡಿ ಕಡೆಯವನು ಅಂದ ಕೂಡಲೇ ಆಫೀಸಿನಲ್ಲಿ ಕಂಬಳದ ಮಾತು ಬರುತ್ತದೆ. ಎರಡೇ ಪ್ರಶ್ನೆ. ಎಷ್ಟು ಸೆಕೆಂಡು? ಪಾಪ ಅಲ್ವಾ?

ಮೊದಲನೆಯದು, 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರ ಫಲ. ಎರಡನೆಯದಕ್ಕೆ ಕೋರ್ಟಿನ ಚರಿತ್ರೆಯಿದೆ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿತು, 2016ರಲ್ಲಿ ಹೈಕೋರ್ಟಿನ ತಡೆಯಿಂದ ಕಂಬಳ ನಿಂತಿತು, 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಾನೂನಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿದಿಲ್ಲ.

ನಮ್ಮ ಹತ್ತಿರದ ವಂಡಾರು ಕಂಬಳಕ್ಕೆ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೇನೆ. ಹರಕೆಯ ಕೋಣಗಳೂ ಬರುತ್ತವೆ, ಓಟದ ಕೋಣಗಳೂ ಬರುತ್ತವೆ. ಗದ್ದೆಯ ಅಂಚಿನಲ್ಲಿ ನಿಂತರೆ ಕೇಳುವುದು ಬರೀ ಕೊಂಬು, ಡೋಲಿನ ಸದ್ದಲ್ಲ. ಯಾರ ಜೋಡಿ ಯಾರ ಮನೆಗೆ ಹೋಯಿತು, ಎಷ್ಟು ಲಕ್ಷಕ್ಕೆ ಅನ್ನುವ ಲೆಕ್ಕವೂ. ಹರಾಜು ಕೂಗುವವರಿಲ್ಲ, ಆದರೆ ಪ್ರತಿ ಕೋಣಕ್ಕೂ ರೇಟ್ ಇದೆ.

'ಮಕ್ಕಳ ಹಾಗೆ ಸಾಕ್ತೇವೆ' ಅನ್ನುತ್ತಾರೆ ನಮ್ಮವರು. ಸುಳ್ಳಲ್ಲ. ಬೇಯಿಸಿದ ಹುರುಳಿ, ಎಣ್ಣೆ ತಿಕ್ಕಿ ಸ್ನಾನ, ಈಜು, ಎಲ್ಲವೂ ನಡೆಯುತ್ತದೆ. 'ಟಿಲ್ಲರ್ ಬಂದ ಮೇಲೆ ಕಂಬಳವೂ ಇಲ್ಲದಿದ್ದರೆ ಗಂಡು ಕರುವನ್ನು ಯಾರು ಉಳಿಸ್ತಾರೆ?' ಅನ್ನುವುದೂ ಸುಳ್ಳಲ್ಲ. ಆದರೆ ವಿರೋಧಿಸುವವರು ಲೆಕ್ಕ ಹಾಕುವುದು ಪೆಟ್ಟನ್ನು, ಸಮರ್ಥಿಸುವವರು ಹುರುಳಿಯನ್ನು. ಎರಡೂ ಓಡುವ ವರ್ಷಗಳ ಲೆಕ್ಕ. ಕಾಲು ಸೋತ ಮೇಲಿನ ವರ್ಷಗಳು ಯಾರ ಪುಸ್ತಕದಲ್ಲೂ ಇಲ್ಲ.

ನಮ್ಮೂರಲ್ಲಿ ಒಬ್ಬರ ಹಟ್ಟಿಯಲ್ಲಿ ಮುದಿ ಕೋಣವೊಂದಿತ್ತು. 'ಇದನ್ನ್ ಕೊಡುದಿಲ್ಯಾ ಹ್ವಾಯ್?' ಅಂತ ಕೇಳಿದ್ದೆ. 'ಓಡುಕ್ ಆತಿಲ್ಲ ಅಂದೇಳಿ ಅದ್ ಕ್ವಾಣ ಅಲ್ಲ ಅಂಬುಕ್ ಆತ್ತಾ ಮಾರಾಯಾ?' ಅಂದರು.

ಇಷ್ಟು ಸರಳ ಮಾತು ಐಟಿಯವರಿಗೆ ಬೇಗ ತಟ್ಟಬೇಕು. 'ನಾವೆಲ್ಲ ಒಂದೇ ಫ್ಯಾಮಿಲಿ' ಅನ್ನುವ ಕಂಪನಿ ಲೇಆಫ್ ದಿನ ಏನು ಮಾಡುತ್ತದೆ ಅಂತ ನಮಗೆ ಗೊತ್ತು. ಆದರೂ ನಮಗೆ ನೋಟಿಸ್ ಪಿರಿಯಡ್ ಇದೆ, ಇನ್ನೊಂದು ಇಂಟರ್‌ವ್ಯೂ ಇದೆ. ಕೋಣಕ್ಕೆ ಎರಡೂ ಇಲ್ಲ. ಅದು ಯಾವ ಒಪ್ಪಂದಕ್ಕೂ ಸಹಿ ಹಾಕಿ ಗದ್ದೆಗೆ ಇಳಿದದ್ದಲ್ಲ. ಒಪ್ಪಿಗೆ ಕೇಳದೆ ದುಡಿಸಿಕೊಂಡವರ ಮೇಲೆ ಋಣ ಹೆಚ್ಚೇ ಹೊರತು ಕಡಿಮೆಯಲ್ಲ.

ಹಾಗಂತ ಎಲ್ಲವನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ದುಡಿಯದ ಪ್ರಾಣಿಗೆ ವರ್ಷಗಟ್ಟಲೆ ಹುಲ್ಲು ಹಾಕುವುದು ಸಣ್ಣ ಖರ್ಚಲ್ಲ. ಅಂಚಿನಲ್ಲಿ ನಿಂತು ಕೂಗಿದ ನಮಗೂ, ರೀಲ್ಸ್ ಹಾಕಿ ಲೈಕ್ ಎಣಿಸಿದ ನಮಗೂ ಅದರಲ್ಲಿ ಪಾಲಿದೆ. ಗೆದ್ದ ಜೋಡಿಗೆ ಚಿನ್ನ ಕೊಡುವ ಕಂಬಳ ಸಮಿತಿಗಳು ಮುದಿ ಕೋಣಗಳ ಹುಲ್ಲಿಗೂ ಒಂದು ನಿಧಿ ಇಟ್ಟರೆ, ಮೊದಲ ಕಂತು ಕಳಿಸಬೇಕಾದವರು ನಮ್ಮಂಥ ಸಂಬಳದವರೇ.

ಇನ್ನು ಮೇಲೆ 'ಪಾಪ ಅಲ್ವಾ?' ಅಂತ ಕೇಳುವವರಿಗೆ ಕೋರ್ಟಿನ ತೀರ್ಪು ತೋರಿಸುವುದಿಲ್ಲ. ಓಟ ನಿಂತ ಮೇಲೆ ಆ ಕೋಣ ಎಲ್ಲಿದೆ ಅಂತ ನೋಡಿ, ಆಮೇಲೆ ಹೇಳೋಣ.