ಯಾರಿಗಾಗಿ ಹಚ್ಚಿದ ಬೆಳಕು?

ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ತವರದ ಗಣಿಗಳಿಗೆ ಇಳಿದು ಜೆ.ಸಿ. ಬರೋ ಎಂಬಾತ 1890ರ ದಶಕದ ಆರಂಭದಲ್ಲಿ ಫೋಟೋ ತೆಗೆದ. ಮೆಗ್ನೀಸಿಯಂ ಉರಿಸಿ ಕತ್ತಲೆಯನ್ನು ಕ್ಷಣಕಾಲ ಹಗಲು ಮಾಡಿದ. ಟೊಪ್ಪಿಗೆಗೆ ಜೇಡಿಮಣ್ಣಿನ ಮುದ್ದೆಯಿಂದ ಮೇಣದಬತ್ತಿ ಅಂಟಿಸಿಕೊಂಡ ಗಂಡಸರು ಅಲುಗಾಡದೆ ನಿಂತಿದ್ದಾರೆ. ‘ಎಷ್ಟು ಚೆಂದ!’ ಎನ್ನುತ್ತೇವೆ ನಾವು.

ಆದರೆ ಆ ಬೆಳಕು ನೋಡುವವರಿಗಾಗಿ ಹಚ್ಚಿದ್ದು. ಅವರು ದುಡಿದದ್ದು ಬತ್ತಿಯ ಮಿಣುಕಿನಲ್ಲಿ. ಅದರ ಬೆಲೆಯನ್ನೂ ಸಾಮಾನ್ಯವಾಗಿ ಅವರ ಗಳಿಕೆಯಲ್ಲೇ ಮುರಿದುಕೊಳ್ಳುತ್ತಿದ್ದರು. ಉರಿದ ಒಂದೊಂದು ಬತ್ತಿಗೂ ಮನೆಯ ದಿನಸಿಗೆ ಅಷ್ಟಷ್ಟು ಕಡಿಮೆ. ಆ ಕಡಿಮೆಯಲ್ಲೇ ಸಂಸಾರ ತೂಗಿಸಿದವಳು ಗಣಿಯೊಳಗಿನ ಈ ಚಿತ್ರಗಳಲ್ಲಿಲ್ಲ.

ಹಾಗಾದರೆ ಇವುಗಳ ಚೆಲುವನ್ನು ಸವಿಯುವುದು ತಪ್ಪೇ? ನನಗನಿಸುವಂತೆ, ಸವಿಯುವುದು ತಪ್ಪಲ್ಲ. ಬೆಲೆ ತೆತ್ತವರನ್ನು ಮರೆತು ಸವಿಯುವುದು ತಪ್ಪು.