ಸಣ್ಣ ಗಾಯವೂ ಶರೀರದ ಹಕ್ಕೂ



ಅಸರ್ ನಮಾಝ್ ಮುಗಿಸಿ ಮೈದಾನಕ್ಕಿಳಿಯುವ ನಮ್ಮ ಮಕ್ಕಳನ್ನು ಕಾಣುವಾಗ ಸಂತೋಷವಾಗುತ್ತದೆ. ಆಟ ನಮಗೆ ಅನ್ಯವಾದುದಲ್ಲ. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರೆಂದು ಹದೀಸ್‌ಗಳಲ್ಲಿದೆ. ಆದರೆ ಕಬಡ್ಡಿಯಲ್ಲಿ ಪಾದ ಉಳುಕಿದ ಹುಡುಗ ಕುಂಟುತ್ತಲೇ ಮತ್ತೆ ಅಂಕಣಕ್ಕೆ ಬರುವುದನ್ನೂ, ಹಿರಿಯರು ಅದಕ್ಕೆ ಚಪ್ಪಾಳೆ ತಟ್ಟುವುದನ್ನೂ ಕಂಡಾಗ ಮನಸ್ಸು ಅಳುಕುತ್ತದೆ.

ಉಳುಕು ಎಂದರೆ ಎಲುಬುಗಳನ್ನು ಬಿಗಿದಿಟ್ಟ ನಾರು ಜಗ್ಗಿದೆ ಅಥವಾ ಹರಿದಿದೆ ಎಂದರ್ಥ. ನೋವು ಎರಡು ದಿನಗಳಲ್ಲಿ ಇಳಿಯಬಹುದು, ನಾರು ಕೂಡಿಕೊಳ್ಳಲು ವಾರಗಳೇ ಬೇಕು. ಅದಕ್ಕೆ ಮೊದಲೇ ಓಡಿದವನ ಪಾದ ಮತ್ತೆ ಅಲ್ಲಿಯೇ ಹೊರಳುತ್ತದೆ. ಕೆಲವರಿಗೆ ಮುಂದೆ ಸಮತಟ್ಟಾದ ನೆಲದಲ್ಲೂ ಹೊರಳುವ ಸಡಿಲ ಗಂಟು ಉಳಿದುಬಿಡುತ್ತದೆ. ನೋವಿನ ಮಾತ್ರೆ ನೋವನ್ನು ಮರೆಸೀತು, ನಾರನ್ನು ಹೊಲಿಯದು. ಬಾತ ಗಂಟಿಗೆ ಅದೇ ರಾತ್ರಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಬಾವು ಹೆಚ್ಚುತ್ತದೆ (ಮನೆಯ ಅಜ್ಜಿಯಂದಿರು ಕ್ಷಮಿಸಬೇಕು). ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ವೈದ್ಯರಲ್ಲಿಗೆ ಹೋಗಿ.

‘2002ರಲ್ಲಿ ನಮ್ಮ ಕುಂಬ್ಳೆ ದವಡೆ ಮುರಿದರೂ ಬೌಲ್ ಮಾಡಲಿಲ್ಲವೇ?’ ಎಂದು ಯುವಕರು ಕೇಳುತ್ತಾರೆ. ಮಾಡಿದರು, ಲಾರಾರ ವಿಕೆಟನ್ನೂ ಪಡೆದರು. ಆ ಬಳಿಕ ಶಸ್ತ್ರಚಿಕಿತ್ಸೆಗೆ ಬೆಂಗಳೂರಿಗೆ ಹಾರಿದರು. ನಮಗೆ ಬ್ಯಾಂಡೇಜಿನ ಚಿತ್ರ ಮಾತ್ರ ನೆನಪಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಕೆವಿನ್ ಡ್ಯುರಂಟ್ 2019ರಲ್ಲಿ ಮೀನಖಂಡದ ನೋವಿನಿಂದ ಒಂದು ತಿಂಗಳು ಹೊರಗಿದ್ದು ಫೈನಲ್‌ಗೆ ಮರಳಿದರು. ಅದೇ ಪಂದ್ಯದಲ್ಲಿ ಅದೇ ಕಾಲಿನ ಹಿಮ್ಮಡಿಯ ಸ್ನಾಯುರಜ್ಜು ಹರಿದು, ಮುಂದಿನ ಇಡೀ ಋತುವನ್ನು ಕಳೆದುಕೊಂಡರು. ಅವರ ಸುತ್ತ ತಜ್ಞ ವೈದ್ಯರಿದ್ದರು. ನಮ್ಮ ಹುಡುಗರ ಸುತ್ತ ಯಾರಿದ್ದಾರೆ?

ಅಬೂದಾವೂದ್‌ನಲ್ಲಿ ಒಂದು ಘಟನೆಯಿದೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ತಗಲಿ ಗಾಯವಾಗಿತ್ತು. ಸ್ನಾನ ಕಡ್ಡಾಯವಾದಾಗ ತಯಮ್ಮುಮ್‌ಗೆ ಅವಕಾಶವಿದೆಯೇ ಎಂದು ಅವರು ಸಂಗಡಿಗರನ್ನು ಕೇಳಿದರು. ಇಲ್ಲವೆಂದರು. ಸ್ನಾನ ಮಾಡಿದ ಆ ವ್ಯಕ್ತಿ ತೀರಿಕೊಂಡರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಕೋಪಗೊಂಡರು. ಆ ಕೋಪ ಗಾಯಾಳುವಿನ ಮೇಲಲ್ಲ, ಅರಿಯದಿದ್ದರೂ ಕೇಳಿ ತಿಳಿಯದೆ ತೀರ್ಪಿತ್ತವರ ಮೇಲೆ.

ಅಂಕಣದ ಬದಿಯಲ್ಲಿ ನಿಂತು ‘ಏನೂ ಆಗಿಲ್ಲ, ಆಡು’ ಎನ್ನುವ ನಾವು ಯಾವ ಅರಿವಿನಿಂದ ತೀರ್ಪು ನೀಡುತ್ತಿದ್ದೇವೆ? ಮುಖ್ಯವಾಗಿ ತಲೆಯ ವಿಷಯದಲ್ಲಿ. ಪೆಟ್ಟು ಬಿದ್ದ ಹುಡುಗನಿಗೆ ತಲೆಸುತ್ತು, ವಾಕರಿಕೆ, ಮಂಕು ಕಂಡರೆ ಆ ದಿನ ಆತ ಮತ್ತೆ ಆಡಲೇಬಾರದು. ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೆಯದು ಹಗುರವಾಗಿದ್ದರೂ, ಅಪರೂಪಕ್ಕಾದರೂ, ಪ್ರಾಣ ತೆಗೆದದ್ದುಂಟು.

ಶರೀರ ಅಲ್ಲಾಹನ ಅಮಾನತ್. ನಿಲ್ಲಲಾಗದವನಿಗೆ ಕಡ್ಡಾಯ ನಮಾಝನ್ನೇ ಕುಳಿತು ನಿರ್ವಹಿಸಲು ಅವನು ರಿಯಾಯಿತಿ ಕೊಟ್ಟಿದ್ದಾನೆ. ಹೀಗಿರುವಾಗ ಒಂದು ಟ್ರೋಫಿಗಾಗಿ ರಿಯಾಯಿತಿ ನಿರಾಕರಿಸಲು ತಂಡದ ನಾಯಕ ಯಾರು? ಮುಂದಿನ ಪಂದ್ಯಾಟ ನಡೆಸುವ ಯುವಕ ಸಂಘದವರು ಧ್ವನಿವರ್ಧಕದ ಜೊತೆಗೆ ಒಂದು ಪೆಟ್ಟಿಗೆ ಮಂಜುಗಡ್ಡೆಯನ್ನೂ ತರಲಿ. ಗಾಯಗೊಂಡವನನ್ನು ಹೊರಗೆ ಕೂರಿಸುವ ಅಧಿಕಾರವನ್ನು ತಂಡಕ್ಕೆ ಸೇರದ ಒಬ್ಬರಿಗೆ ಮೊದಲೇ ಒಪ್ಪಿಸಲಿ.